ಈ ಟ್ಯೂನ್ ಆಗ್ಲೇ ಕೇಳಿದ್ವಲ್ಲ?

ಹೋದ ಸಂಚಿಕೇಲಿ ಒಬ್ರು ಓದುಗರು "ಸಿನಿಮಾದಲ್ಲಿ ಒಂದೇ ಟ್ಯೂನ್ ಪದೇ ಪದೇ ಹಾಕೋದು ಮ್ಯೂಸಿಕ್ ಡೈರೆಕ್ಟರ್ ಸೋಮಾರಿತನ ಅಲ್ವಾ" ಅಂತ ಕೇಳಿದ್ರು. ನಾನು "ಲಾರ್ಡ್ ಆಫ್ ದಿ ರಿಂಗ್ಸ್ ಮೂರೂ ಸಿನಿಮಾನ ಒಂದ್ಸಲ ಕಣ್ಣು ಮುಚ್ಕೊಂಡು ಕೇಳಿ, ಆಮೇಲೆ ಮಾತಾಡೋಣ" ಅಂತ ಎರಡು ಸಾಲು ಬರೆದು ಕೈ ತೊಳ್ಕೊಂಡಿದ್ದೆ. ತಪ್ಪಾಯ್ತು. ಕೈ ತೊಳ್ಕೊಂಡಷ್ಟು ಸುಲಭಕ್ಕೆ ಈ ಸಿನಿಮಾದ ಅಭಿಮಾನಿಗಳು ಬಿಡೋ ಜನ ಅಲ್ಲ. ಬಂದ ಪತ್ರ, ಮೇಲ್ ಎಲ್ಲಾ ಅದೇ ವಿಷಯ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು, ಗೃಹಸಾಲದ ಪ್ರಶ್ನೆ ಕಳಿಸಿದೋರು ಮುಂದಿನ ಸಲದವರೆಗೂ ತಡ್ಕೊಳ್ಳಿ.

ನೋಡದೇ ಇರೋರಿಗೆ ಎರಡೇ ಮಾತು. ಪೀಟರ್ ಜಾಕ್ಸನ್ ನಿರ್ದೇಶನ, 2001, 2002, 2003ರಲ್ಲಿ ವರ್ಷಕ್ಕೊಂದರಂತೆ ಮೂರು ಸಿನಿಮಾ. ಸೌರಾನ್ ಅನ್ನೋ ದುಷ್ಟ ಮಾಡಿಟ್ಟ ಒಂದು ಉಂಗುರ ಇದೆ, ಅದನ್ನ ಫ್ರೋಡೊ ಅನ್ನೋ ಕುಳ್ಳ ಹಾಬಿಟ್ ಒಬ್ಬ ಬೆಂಕಿ ಬೆಟ್ಟದೊಳಗೆ ಎಸೆದು ಬರ್ಬೇಕು, ಅಷ್ಟೇ ಕಥೆ. ಸಂಗೀತ ಕೆನಡಾದ ಹೊವಾರ್ಡ್ ಶೋರ್. ಮೊದಲನೇದಕ್ಕೂ ಮೂರನೇದಕ್ಕೂ ಸಂಗೀತಕ್ಕೆ ಆಸ್ಕರ್ ಬಂತು. ಒಂದೊಂದು ಊರು, ಒಂದೊಂದು ಜನಾಂಗ, ಒಂದೊಂದು ವಸ್ತುವಿಗೂ ಪ್ರತ್ಯೇಕ ಟ್ಯೂನ್ ಮಾಡಿಟ್ಟಿದ್ದಾರೆ ಮನುಷ್ಯ, ಎಣಿಸಿದೋರ ಲೆಕ್ಕ 80 ದಾಟುತ್ತೆ. ಡಗ್ ಆಡಮ್ಸ್ ಅನ್ನೋರು 2010ರಲ್ಲಿ ಇದರ ಮೇಲೇ ಒಂದು ದಪ್ಪ ಪುಸ್ತಕ ತಂದ್ರು.

ಸರಿ, ಶುರು ಮಾಡೋಣ.

ಪ್ರ: ನನ್ನ ಮಗಳು ವೀಣೆ ಕಲೀತಿದ್ದಾಳೆ. ಹಾಬಿಟ್‌ಗಳ ಊರು ಶೈರ್ ತೋರಿಸುವಾಗ ಬರೋ ಟ್ಯೂನ್ ಮೋಹನ ರಾಗ ಅಂತ ಅವಳ ವಾದ. ಅವಳ ಟೀಚರ್ ಶಂಕರಾಭರಣ ಅಂತಾರೆ. ಇಬ್ರೂ ಪಟ್ಟು ಬಿಡ್ತಿಲ್ಲ, ಫೀಸು ಕಟ್ಟೋನು ನಾನು, ಯಾರ ಪರ ನಿಲ್ಲಲಿ? (ಮೈಸೂರಿನ ಒಬ್ಬ ಅಪ್ಪ)

ಉ: ಮೊದಲನೇ ಸಾಲಿಗೆ ಮಗಳ ಪರ, ಎರಡನೇ ಸಾಲಿಗೆ ಟೀಚರ್ ಪರ ನಿಲ್ಲಿ ಸಾರ್. ನಾನೂ ಚಿಕ್ಕೋನಿದ್ದಾಗ ವರ್ಣದವರೆಗೂ ಪಿಟೀಲು ಕಲಿತು ಬಿಟ್ಟೋನು, ಆ ಅರ್ಧ ಜ್ಞಾನದಲ್ಲೇ ಹೇಳ್ತೀನಿ. ಟ್ಯೂನ್ ಶುರುವಾಗೋದು ಸ ರಿ ಗ ಪ, ಗ ರಿ ಅಂತ. ಇಷ್ಟು ಕೇಳಿದ ತಕ್ಷಣ ಗೀತೆ ಕಲಿತ ಯಾವ ಮಗುವಿಗಾದ್ರೂ ಮೋಹನಾನೇ ನೆನಪಾಗೋದು, ಅದು ತಪ್ಪೇ ಅಲ್ಲ. ಆದ್ರೆ ಮುಂದಿನ ಸಾಲು ಗ ಪ ದ ಸ ಅಂತ ಮೇಲಕ್ಕೆ ಹತ್ತಿ ಇಳಿಯುವಾಗ ನಿಷಾದ ಮುಟ್ಟುತ್ತೆ, ಕೊನೇಲಿ ಮ ಗ ರಿ ಅಂತ ಮಧ್ಯಮಾನೂ ಸವರಿ ನಿಲ್ಲುತ್ತೆ, ಅಲ್ಲಿಗೆ ಮೋಹನದ ಕಥೆ ಮುಗೀತು. ಅಷ್ಟಕ್ಕೂ ಶೋರ್‌ಗೆ ಇದ್ಯಾವ್ದೂ ತಲೇಲಿ ಇರ್ಲಿಲ್ಲ ಬಿಡಿ, ಅವರು ಯೋಚಿಸಿದ್ದು ಐರ್ಲೆಂಡ್ ಕಡೆಯ ಜಾನಪದದ ಥರ: ಟಿನ್ ವಿಸಲ್ ಅಂದ್ರೆ ತಗಡಿನ ಸಣ್ಣ ಪೀಪಿ, ಒಂದು ಫಿಡಲ್, ತಾಳಕ್ಕೆ ಕೈಲಿ ಹಿಡಿಯೋ ಚರ್ಮದ ವಾದ್ಯ.

ಆದ್ರೆ ರಾಗದ ಜಗಳಕ್ಕಿಂತ ರುಚಿಯಾದ ವಿಷಯ ಬೇರೆ ಇದೆ, ಅದನ್ನ ಇಬ್ರಿಗೂ ಹೇಳಿ. ಇದೇ ಟ್ಯೂನ್ ಮೂರು ಸಿನಿಮಾದಲ್ಲಿ ಎಷ್ಟು ಸಲ ಬರುತ್ತೆ ಅನ್ನೋದನ್ನ ಬಿಟ್ಟು, ಪ್ರತಿ ಸಲ ಯಾವ ವಾದ್ಯದಲ್ಲಿ ಬಂತು ಅಂತ ಬರ್ಕೊಳ್ಳೋಕೆ ಹೇಳಿ. ಶೈರ್‌ನಲ್ಲಿ ಇದ್ದಾಗ ತಗಡಿನ ಪೀಪಿ, ಮಕ್ಕಳು ಓಡಾಡೋ ಥರ ಚುರುಕು. ಅದೇ ಟ್ಯೂನನ್ನ ನಿಧಾನ ಮಾಡಿ ದೇವರ ಹಾಡಿನ ಥರ ಮಾಡಿದ್ರೆ ಮೊದಲ ಸಿನಿಮಾದ ಕೊನೇಲಿ ಬರೋ ಹುಡುಗನ ದನಿಯ ಹಾಡು, ಎರಡೂ ಒಂದೇ ಟ್ಯೂನ್ ಅಂತ ನಂಗೆ ಗೊತ್ತಾಗೋಕೆ ನಾಲ್ಕನೇ ಸಲ ನೋಡ್ಬೇಕಾಯ್ತು, ನಾಚಿಕೆ ಬಿಟ್ಟು ಹೇಳ್ತಿದ್ದೀನಿ. ಮೂರನೇ ಸಿನಿಮಾಗೆ ಬರೋ ಹೊತ್ತಿಗೆ ಪೀಪಿ ಹೋಗಿ ಕೊಳಲು ಬಂದಿರುತ್ತೆ. ಅದನ್ನ ನುಡಿಸಿರೋದು ಜೇಮ್ಸ್ ಗಾಲ್ವೆ, ಅಂಥಿಂಥೋರಲ್ಲ. ಬೆಂಕಿ ಬೆಟ್ಟದ ಬುಡದಲ್ಲಿ ಫ್ರೋಡೊ ಏಳೋಕೇ ಆಗದೆ ಬಿದ್ದಿದ್ದಾನೆ, ಜೊತೆಗಾರ ಸ್ಯಾಮ್ ಅವನನ್ನ ಮಡಿಲಲ್ಲಿ ಇಟ್ಕೊಂಡು ಊರು ನೆನಪಿದೆಯಾ, ಇಷ್ಟೊತ್ತಿಗೆ ಅಲ್ಲಿ ವಸಂತ ಬಂದಿರುತ್ತೆ ಅಂತಾನಲ್ಲ, ಆಗ ಹಿಂದುಗಡೆ ಸಣ್ಣಗೆ ಬರೋದು ಅದೇ ಸ ರಿ ಗ ಪ. ಫ್ರೋಡೊಗೆ ಊಟದ ರುಚಿ, ನೀರಿನ ಸದ್ದು ಏನೂ ನೆನಪಿಲ್ಲ, ಅವನೇ ಹೇಳ್ತಾನೆ. ನೆನಪಿರೋದು ಕೇಳ್ತಾ ಕೂತಿರೋ ನಮಗೆ. ಈ ಒಂದು ಜಾಗಕ್ಕೋಸ್ಕರ ಆ ಟ್ಯೂನನ್ನ ಅಷ್ಟು ಸಲ ನಮ್ಮ ಕಿವಿಗೆ ತುಂಬಿದ್ದು ಅಂತ ನನ್ನ ಲೆಕ್ಕ.

ಪ್ರ: ಗುರುಗಳೇ, ನಾವು ಹಾಸ್ಟೆಲಲ್ಲಿ ಆರು ಜನ ಕೂತು ಮೂರೂ ಸಿನಿಮಾ ಎಕ್ಸ್‌ಟೆಂಡೆಡ್ ವರ್ಷನ್ ಒಂದೇ ವೀಕೆಂಡಲ್ಲಿ ನೋಡಿದ್ವಿ. ಉಂಗುರ ನಾಶ ಮಾಡೋಕೆ ಒಂಬತ್ತು ಜನ ಒಟ್ಟಿಗೆ ಹೊರಡ್ತಾರಲ್ಲ, ಆಗ ಬರೋ ಮಾಸ್ ಬಿಜಿಎಂ ಆಮೇಲೆ ಅಷ್ಟು ಮಾಸ್ ಆಗಿ ಬರೋದೇ ಇಲ್ಲ. ಅಷ್ಟು ಒಳ್ಳೆ ಟ್ಯೂನ್ ಇಟ್ಕೊಂಡು ಯಾಕೆ ಜಿಪುಣತನ? (ಶಿವಮೊಗ್ಗದ ಹಾಸ್ಟೆಲ್ ಹುಡುಗರು)

ಉ: ನಿದ್ದೆಗೆಟ್ಟು ನೋಡಿದ್ರೂ ಕಿವಿ ತೆರೆದೇ ಇಟ್ಟಿದ್ರಲ್ಲ, ಶಭಾಷ್. ಜಿಪುಣತನ ಅಲ್ಲಪ್ಪ ಅದು, ಉದ್ದೇಶಪೂರ್ವಕ.

ಆ ಟ್ಯೂನಿನ ಬೀಜ ಬರೀ ಮೂರು ಸ್ವರ. ಸ ನಿ ಸ. ಒಂದು ಮೆಟ್ಟಿಲು ಇಳಿದು ವಾಪಸ್ ಹತ್ತೋದು, ಅಷ್ಟೇ, ಬಾತ್‌ರೂಮಲ್ಲಿ ಗುನುಗಿ ನೋಡಿ. ಇದು ಮೊದಲು ಕಾಣಿಸಿಕೊಳ್ಳೋದು ಎಲ್ಲಿ ಅಂತ ಹುಡುಕಿದ್ರಾ? ಒಂಬತ್ತು ಜನ ಸೇರಿದಾಗ ಅಲ್ಲ. ಫ್ರೋಡೊ ಮತ್ತೆ ಸ್ಯಾಮ್ ಇಬ್ರೇ ಊರು ಬಿಟ್ಟು ಹೊರಟಾಗ, ಹೊಲದ ಮಧ್ಯೆ ಸ್ಯಾಮ್ ನಿಂತ್ಕೊಂಡು ಇನ್ನೊಂದು ಹೆಜ್ಜೆ ಇಟ್ರೆ ನಾನು ಇಷ್ಟು ದೂರ ಬಂದಿದ್ದೇ ಇಲ್ಲ ಅಂತಾನಲ್ಲ, ಅಲ್ಲಿ ಮೆತ್ತಗೆ ಅರ್ಧಂಬರ್ಧ ಕೇಳುತ್ತೆ. ದಾರಿ ಸಾಗ್ತಾ, ಜನ ಸೇರ್ತಾ ಅದೂ ಬೆಳೆಯುತ್ತೆ. ರಿವೆಂಡೆಲ್ ಅನ್ನೋ ಊರಲ್ಲಿ ಒಂಬತ್ತು ಜನ ಸಾಲಾಗಿ ನಿಂತಾಗ ಪೂರ್ತಿಯಾಗಿ ಬರುತ್ತೆ, ಆಮೇಲೆ ಬಂಡೆ ದಾಟಿ ಒಬ್ಬೊಬ್ಬರಾಗಿ ಕ್ಯಾಮೆರಾ ಮುಂದೆ ಹಾದು ಹೋಗ್ತಾರಲ್ಲ, ನೀವು ಸೀಟಿ ಹೊಡೆದ ಜಾಗ, ಅಲ್ಲಿ ಇಡೀ ಆರ್ಕೆಸ್ಟ್ರಾ ಎದ್ದು ನಿಲ್ಲುತ್ತೆ.

ಮೋರಿಯಾ ಗುಹೇಲಿ ತಂಡದ ಮಂತ್ರವಾದಿ ಗ್ಯಾಂಡಾಲ್ಫ್ ಬೀಳ್ತಾನೆ. ಒಂಬತ್ತು ಎಂಟಾಯ್ತು. ಅಲ್ಲಿಂದ ಆ ಸಿನಿಮಾದಲ್ಲಿ ಟ್ಯೂನ್ ಆ ಠೀವೀಲಿ ಮತ್ತೆ ಬರಲ್ಲ, ತುಂಡು ತುಂಡಾಗಿ ಬರುತ್ತೆ, ಮಂಕಾಗಿ ಬರುತ್ತೆ. ಎರಡನೇ ಸಿನಿಮಾದಲ್ಲಿ ತಂಡದ ಆರಗಾರ್ನ್, ಲೆಗೊಲಸ್, ಗಿಮ್ಲಿ ಮೂವರು ಬಯಲಲ್ಲಿ ಓಡುವಾಗ ಬರುತ್ತೆ ನಿಜ, ಆದ್ರೆ ಅವರು ಮೂರೇ ಜನ ಅನ್ನೋದು ನಮಗೆ ಚುಚ್ಚೋಕೆ. ತಂಡ ಒಡೆದಿದೆ, ಟ್ಯೂನೂ ಒಡೆದಿದೆ. ಮೂರನೇದರ ಕೊನೇಲಿ ಸೌರಾನ್ ನಾಡಿನ ಕಪ್ಪು ಬಾಗಿಲ ಮುಂದೆ ಆರಗಾರ್ನ್ ಹಿಂತಿರುಗಿ ನೋಡಿ "ಫ್ರೋಡೊಗೋಸ್ಕರ" ಅಂತ ನುಗ್ತಾನಲ್ಲ, ಅಲ್ಲಿ ಕಾದು ಕೇಳಿ.

ನಮ್ಮ ಸಿನಿಮಾಗಳಲ್ಲಿ ಹೀರೋ ಕಾರಿಂದ ಕಾಲು ಕೆಳಗಿಟ್ಟಾಗಲೆಲ್ಲ ಅದೇ ಬಿಜಿಎಂ ಅದೇ ವಾಲ್ಯೂಮಲ್ಲಿ ಹೊಡೀತಾರೆ, ಹತ್ತನೇ ಸಲಕ್ಕೆ ಕಿವಿ ಮರಗಟ್ಟುತ್ತೆ. ನನಗೂ ಮಾಸ್ ಬಿಜಿಎಂ ಇಷ್ಟಾನೇ, ಆದ್ರೂ ಒಂದ್ಸಲ ಆ ಹೀರೋ ಸೋತಾಗ ಆ ಟ್ಯೂನ್ ಮುರಿದು ಹಾಕಿ ನೋಡಿ ಅಂತ ಯಾರಿಗಾದ್ರೂ ಹೇಳ್ಬೇಕು ಅನ್ಸುತ್ತೆ.

ಪ್ರ: ನಾನು ಮೃದಂಗ ನುಡಿಸ್ತೀನಿ. ಸಾರುಮಾನ್ ಮಂತ್ರವಾದಿ ಕಾಡು ಕಡಿಸಿ ಸೈನ್ಯ ತಯಾರು ಮಾಡೋ ಸೀನಲ್ಲಿ ತಾಳ ಹಾಕೋಕೆ ಹೋದ್ರೆ ಆದಿಗೂ ಕೂರಲ್ಲ, ರೂಪಕಕ್ಕೂ ಕೂರಲ್ಲ. ನನ್ನ ಕೈ ಸರಿ ಇಲ್ವಾ ಅವರ ಲಯ ಸರಿ ಇಲ್ವಾ? (ಬೆಂಗಳೂರು, ಬಸವನಗುಡಿ)

ಉ: ಖಂಡ ಚಾಪು ಹಾಕಿ ನೋಡಿ. ತಕ ತಕಿಟ, ತಕ ತಕಿಟ. ಐದು. ನಾನು ಇದನ್ನ ಕಂಡುಹಿಡಿದಿದ್ದು ಬಸ್ಸಲ್ಲಿ, ಇಯರ್‌ಫೋನ್ ಹಾಕ್ಕೊಂಡು ತೊಡೆ ಮೇಲೆ ತಟ್ತಾ ಕೂತಿದ್ದೆ, ನಾಲ್ಕಕ್ಕೆ ಎಣಿಸಿದ್ರೆ ಒಂದು ಹೆಚ್ಚಾಗುತ್ತೆ, ಆರಕ್ಕೆ ಎಣಿಸಿದ್ರೆ ಒಂದು ಕಮ್ಮಿ, ಪಕ್ಕದ ಸೀಟಿನ ಅಜ್ಜಿ "ಏನಪ್ಪಾ ಚಳಿನಾ" ಅಂತ ಕೇಳಿದ್ರು.

ಸೈನ್ಯದ ನಡಿಗೆ ಅಂದ್ರೆ ಎಡ ಬಲ ಎಡ ಬಲ, ಎರಡೋ ನಾಲ್ಕೋ ಇರ್ಬೇಕು. ಐದಕ್ಕೆ ಹಾಕಿದ್ರೆ ಪ್ರತಿ ಆವರ್ತಕ್ಕೂ ಮೊದಲ ಪೆಟ್ಟು ಬೇರೆ ಕಾಲಿಗೆ ಬೀಳುತ್ತೆ, ಕುಂಟೋ ಯಂತ್ರದ ಥರ, ಎಲ್ಲೋ ಒಂದು ಹಲ್ಲು ಮುರಿದ ಗಾಲಿ ತಿರುಗ್ತಿರೋ ಥರ. ಅದಕ್ಕೆ ಜೊತೆಗೆ ಕಮ್ಮಾರನ ಅಡಿಗಲ್ಲು, ಕಬ್ಬಿಣದ ತಗಡು, ಪಿಯಾನೋದ ತಂತಿ ಮೇಲೆ ಸರಪಳಿ ಹೊಡೆದ ಸದ್ದು, ಇಂಥವೆಲ್ಲ ಸೇರಿಸಿದ್ದಾರೆ. ಸಾರುಮಾನ್ ಇರೋ ಇದೇ ಊರು ಎರಡನೇ ಸಿನಿಮಾದಲ್ಲಿ ಹಾಳಾಗುವಾಗ, ಮರಗಳೇ ಎದ್ದು ಬಂದು ಹೊಡೆಯುವಾಗ, ಅದಕ್ಕೆ ತದ್ವಿರುದ್ಧ ಒಬ್ಬ ಹುಡುಗನ ತೆಳ್ಳಗಿನ ದನಿ ಮೇಲೇಳುತ್ತೆ. ಆ ಹುಡುಗನ ಟ್ಯೂನ್ ಎಲ್ಲೋ ಕೇಳಿದ್ದೀನಲ್ಲ ಅನ್ಸಿದ್ರೆ, ಹೌದು, ಮೊದಲ ಸಿನಿಮಾದಲ್ಲಿ ಗ್ಯಾಂಡಾಲ್ಫ್ ಗೋಪುರದ ತುದೀಲಿ ಸೆರೆಯಾಗಿದ್ದಾಗ ಒಂದು ಪತಂಗ ಹಾರಿ ಬರುತ್ತಲ್ಲ, ಅದರದ್ದು. ಪತಂಗದ ಟ್ಯೂನಿಂದ ಆ ಕಾರ್ಖಾನೇನ ಬೀಳಿಸ್ತಾರೆ. ನಂಗಂತೂ ಇಡೀ ಸರಣೀಲಿ ತುಂಬಾ ಇಷ್ಟವಾದ ಲೆಕ್ಕ ಇದು.

ಪ್ರ: ವಿಲನ್ ಸೌರಾನ್ ಬಂದಾಗ ನಮ್ಮೂರ ಮದುವೇಲಿ ಊದೋ ವಾಲಗದ ಥರ ಸದ್ದು ಬರುತ್ತೆ. ನಮ್ಮತ್ತೆ ಒಳಗಿಂದ "ಯಾರ ಮನೇಲಿ ಮುಹೂರ್ತ?" ಅಂತ ಕೂಗಿದ್ರು. ಏನದು? (ಮಂಡ್ಯ ಜಿಲ್ಲೆಯ ಓದುಗಿ)

ಉ: ನಿಮ್ಮತ್ತೆ ಕಿವಿಗೆ ನಮಸ್ಕಾರ. ಅದು ರೈಟಾ ಅಂತ, ಮೊರಾಕ್ಕೊ ಕಡೆಯ ವಾದ್ಯ. ಎರಡು ಪದರದ ಪೀಪಿ ಬಾಯಲ್ಲಿಟ್ಟು ಊದೋದು, ನಮ್ಮ ನಾಗಸ್ವರ, ಶಹನಾಯಿ, ಹಳೇ ಮೈಸೂರು ಕಡೆಯ ಮೌರಿ, ಎಲ್ಲಾ ಅದೇ ಬಳಗದವು. ನಮಗೆ ಆ ಸದ್ದು ಅಂದ್ರೆ ಮಾಂಗಲ್ಯಧಾರಣೆ, ಗಟ್ಟಿಮೇಳ, ಹೊಟ್ಟೆ ಹಸಿವು. ಅವರಿಗೆ ಅದು ದೂರದ, ಗೊತ್ತಿಲ್ಲದ, ಎದೆ ನಡುಗಿಸೋ ಸದ್ದು. ಇಲ್ಲಿ ನನಗೊಂದು ಸಣ್ಣ ತಕರಾರಿದೆ: ಒಳ್ಳೇ ಹಾಬಿಟ್‌ಗೆ ಐರ್ಲೆಂಡಿನ ಪೀಪಿ, ಕೆಟ್ಟವನಿಗೆ ಆಫ್ರಿಕಾದ ಪೀಪಿ, ಯಾವ ದಿಕ್ಕಿನ ಕಿವಿಗೆ ಅಂತ ಮಾಡಿದ್ದು ಇದು ಅಂತ ಗೊತ್ತಾಗೇ ಆಗುತ್ತೆ. ಹಾಗಂತ ಪೂರ್ತಿ ಬೈಯೋಕೂ ಆಗಲ್ಲ, ಯಾಕಂದ್ರೆ ಒಳ್ಳೆಯವರೇ ಆದ ಎಲ್ಫ್‌ಗಳ ಕಾಡು ಲೋಥ್ಲೋರಿಯನ್‌ಗೆ ಅರಬ್ಬರ ಹಿಜಾಝ್ ಅನ್ನೋ ಮೇಳದ ಛಾಯೆ ಕೊಟ್ಟಿದ್ದಾರೆ. ಸ ಆದ್ಮೇಲೆ ಶುದ್ಧ ರಿಷಭ, ಅಲ್ಲಿಂದ ಒಂದು ದೊಡ್ಡ ನೆಗೆತ, ಅಂತರ ಗಾಂಧಾರ. ಸರಳೆ ಕಲಿತೋರು ಯಾರೇ ಕೇಳಿದ್ರೂ ಮಾಯಾಮಾಳವಗೌಳದ ಪೂರ್ವಾಂಗ ಇದು ಅಂತಾರೆ. ಸಿನಿಮಾದಲ್ಲಿ ಅದು ನಿಗೂಢವಾದ ಜಾಗ, ಒಳಗೆ ಹೋದ್ರೆ ವಾಪಸ್ ಬರ್ತೀವೋ ಇಲ್ವೋ ಅನ್ನೋ ಜಾಗ. ನಮಗೆ ಅದು ಬೆಳಗ್ಗೆ ಆರು ಗಂಟೆ, ಚಾಪೆ, ಮೇಷ್ಟ್ರು, ಸ ರಿ ಗ ಮ. ನಾನು ಮೊದಲ ಸಲ ನೋಡಿದಾಗ ಆ ಸೀನಲ್ಲಿ ಭಯ ಆಗೋ ಬದ್ಲು ಪಾಠ ಒಪ್ಪಿಸ್ಬೇಕೇನೋ ಅನ್ನಿಸ್ತು.

ಪ್ರ: ನಮ್ಮನ್ಯಾಗ ದೊಡ್ಡ ಜಗಳ ಹತ್ತೇತ್ರಿ. ಮೂರನೇ ಸಿನಿಮಾದ ದೊಡ್ಡ ಯುದ್ಧದಾಗ ಕುದುರಿ ಮಂದಿ ಬರೂಮುಂದ ಪಿಟೀಲು ಬಾರಸ್ತಾರಲ್ರಿ, ಅದು ಗಾಂಡೋರ್ ಊರಿನ ಟ್ಯೂನ್ ಅಂತಾರ ನಮ್ಮ ಯಜಮಾನ್ರು. ಯುದ್ಧ ನಡದದ್ದ ಗಾಂಡೋರದಾಗ ಅಂತ ಅವರ ವಾದ. ಅಲ್ಲ, ಅದು ಎರಡನೇ ಸಿನಿಮಾದ ರೋಹನ್ ಮಂದೀದು ಅಂತ ನಾ. ಸೋತಾವ್ರು ಒಂದು ತಿಂಗಳ ಭಾಂಡೆ ತಿಕ್ಕಬೇಕು. ಲಗೂನ ಹೇಳ್ರಿ. (ಹುಬ್ಬಳ್ಳಿಯಿಂದ)

ಉ: ಭಾಂಡೆ ಯಜಮಾನ್ರಿಗೇ ಕೊಡ್ರಿ ಅಕ್ಕಾರ. ಆ ಪಿಟೀಲು ಹಾರ್ಡಾಂಗರ್ ಫಿಡಲ್, ನಾರ್ವೆ ದೇಶದ್ದು. ನುಡಿಸೋ ತಂತಿಗಳ ಕೆಳಗೆ ಇನ್ನೂ ನಾಲ್ಕೈದು ತಂತಿ ಇರುತ್ತೆ, ಅವನ್ನ ಯಾರೂ ಮುಟ್ಟಲ್ಲ, ತಾವೇ ಮಿಡೀತಾವೆ. ಧಾರವಾಡದ ಮಗ್ಗುಲಲ್ಲಿರೋ ನಿಮಗೆ ಸಿತಾರಿನ ತರಫಿನ ತಂತಿ ಬಗ್ಗೆ ನಾನು ಹೇಳೋದೇನಿದೆ, ಅದೇ ಕೆಲಸ. ಅದಕ್ಕೇ ಆ ಸದ್ದಿನ ಸುತ್ತ ಒಂದು ಗುಂಯ್ ಅನ್ನೋ ಹೊಗೆ ಇರೋದು. ಈ ವಾದ್ಯ ಆ ಸಿನಿಮಾಗಳಲ್ಲಿ ರೋಹನ್ ಜನರ ಗುರುತು.

ಗಾಂಡೋರ್ ಟ್ಯೂನ್ ಬೇರೆ, ಅದು ಹಿತ್ತಾಳೆ ವಾದ್ಯಗಳದ್ದು. ಮೂರನೇದರಲ್ಲಿ ಗ್ಯಾಂಡಾಲ್ಫ್ ಬಿಳಿ ಕುದುರೆ ಮೇಲೆ ಆ ಏಳು ಸುತ್ತಿನ ಪಟ್ಟಣ ಹತ್ತಿಕೊಂಡು ಹೋಗುವಾಗ ಪೂರ್ತಿಯಾಗಿ ಮೊಳಗುತ್ತಲ್ಲ, ಅದು. ಯಜಮಾನ್ರ ಸಮಾಧಾನಕ್ಕೆ ಒಂದು ಮಾತು ಹೇಳಿ: ಆ ಟ್ಯೂನ್ ನಿಜವಾಗ್ಲೂ ಮೊದಲು ಬರೋದು ಮೊದಲ ಸಿನಿಮಾದಲ್ಲೇ, ಸಭೆಯಲ್ಲಿ ಗಾಂಡೋರ್ ಕಡೆಯ ಬೋರೊಮಿರ್ ಎದ್ದು ತನ್ನ ಊರಿನ ಬಗ್ಗೆ ಮಾತಾಡುವಾಗ, ಸಣ್ಣಗೆ, ಯಾರೂ ಗಮನಿಸದ ಹಾಗೆ. ಊರನ್ನ ಸರಿಯಾಗಿ ತೋರಿಸೋಕೆ ಎರಡು ವರ್ಷ ಮೊದಲೇ ಅದರ ಟ್ಯೂನ್ ಕೇಳಿಸಿಬಿಟ್ಟಿದ್ದಾರೆ. ಇದನ್ನ ಅವರು ಮೊದಲೇ ಗಮನಿಸಿದ್ರೆ ಹದಿನೈದು ದಿನ ಮಾಫಿ ಮಾಡ್ರಿ.

ಪ್ರ: ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ರಿಂಗ್ಸ್ ಕಥೆಗೂ ಹಿಂದಿನ ಕಥೆ ಹೇಳೋ 2012ರ ಹಾಬಿಟ್ ಸಿನಿಮಾದ ಕ್ಲೈಮ್ಯಾಕ್ಸಲ್ಲಿ ಕುಳ್ಳರ ರಾಜ ಥೋರಿನ್ ಉರಿಯೋ ಮರಗಳ ಮಧ್ಯೆ ಕತ್ತಿ ಹಿಡಿದು ಶತ್ರು ಕಡೆ ನಡೀತಾನೆ, ಹಿನ್ನೆಲೇಲಿ ಸೌರಾನ್ ಕಡೆಯ ಕಪ್ಪು ಕುದುರೆ ಸವಾರರ, ಅದೇ ನಾಜ್‌ಗುಲ್‌ಗಳ ಕೋರಸ್! ಹೀರೋಗೆ ದೆವ್ವದ ಮ್ಯೂಸಿಕ್ಕಾ? ಫ್ರೆಂಡ್ಸು "ಅದಕ್ಕೇನೋ ಆಳವಾದ ಅರ್ಥ ಇದೆ" ಅಂತಾರೆ. ಇದೆಯಾ? (ದಾವಣಗೆರೆ)

ಉ: ಇಲ್ಲ. ಅಂದ್ರೆ ನನಗೆ ಕಂಡಿಲ್ಲ, ಹುಡುಕಿದೀನಿ.

ಅಭಿಮಾನಿಗಳು ಮೂರ್ನಾಲ್ಕು ಸಮಜಾಯಿಷಿ ಕೊಡ್ತಾರೆ: ಥೋರಿನ್ ತಲೇಲಿ ಸೇಡು ತುಂಬಿದೆ ಅದಕ್ಕೆ, ಸಾವಿನ ಕಡೆ ನಡೀತಿದ್ದಾನೆ ಅದಕ್ಕೆ, ಮುಂದೆ ಚಿನ್ನದ ಆಸೆಗೆ ಕೆಡೋದರ ಸೂಚನೆ ಅದಕ್ಕೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಆ ಕೋರಸ್‌ಗೆ ಪದ ಇದೆ ಮಾರಾಯರೇ! ಈ ಸಿನಿಮಾಗಳ ಕೋರಸ್‌ಗಳು ಸುಮ್ನೆ ಆ ಆ ಅಲ್ಲ, ಮೂಲ ಕಾದಂಬರಿ ಬರೆದ ಟೋಲ್ಕಿನ್ ಸೃಷ್ಟಿಸಿದ ಭಾಷೆಗಳಲ್ಲಿ ಡೇವಿಡ್ ಸಾಲೊ ಅನ್ನೋ ಭಾಷಾಪಂಡಿತರ ಹತ್ರ ಅನುವಾದ ಮಾಡಿಸಿ ಹಾಡಿಸಿದ್ದು. ನಾಜ್‌ಗುಲ್ ಕೋರಸ್ ಅಡುನೈಕ್ ಅನ್ನೋ ಭಾಷೇಲಿದೆ, ಅದರ ಸಾರಾಂಶ: ನಮ್ಮನ್ನ ಮಾಡಿದವನನ್ನ ನಾವು ತೊರೆದೆವು, ಕತ್ತಲೆಗೆ ಅಂಟಿಕೊಂಡೆವು, ನಾವು ಒಂಬತ್ತು ಮಂದಿ. ಆ ಮಾತಿಗೆ ಹುಟ್ಟಿದ ಸಂಗೀತ ತಗೊಂಡು ಒಬ್ಬನೇ ಒಬ್ಬ ಕುಳ್ಳ ರಾಜನ ಬೆನ್ನಿಗೆ ಕಟ್ಟಿದ್ರೆ ಏನು ಅರ್ಥ ಹೊರಡ್ಬೇಕು? ಆಂಜನೇಯ ಸಮುದ್ರ ಹಾರುವಾಗ ಲಂಕಿಣಿ ಪ್ರವೇಶದ ಪದ ಹಾಡಿದ ಹಾಗಾಯ್ತು. ಎಡಿಟಿಂಗ್ ಟೇಬಲ್ಲಲ್ಲಿ ಆ ಸೀನಿಗೆ ಆ ಸದ್ದು ಭರ್ಜರಿಯಾಗಿ ಕೂತಿರುತ್ತೆ, ಯಾರಿಗೋ ರೋಮಾಂಚನ ಆಗಿರುತ್ತೆ, ಬಿಟ್ಟಿರ್ತಾರೆ, ಇದು ನನ್ನ ಊಹೆ ಅಷ್ಟೇ. ರೋಮಾಂಚನ ನನಗೂ ಆಯ್ತು ಅನ್ನೋದು ಬೇರೆ ಮಾತು, ಹಾಳಾದ್ದು, ಟ್ಯೂನ್ ಅಷ್ಟು ಚೆನ್ನಾಗಿದೆ.

ನನಗೆ ಇದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಅದೇ ಸಿನಿಮಾದಲ್ಲಿ ಕುಳ್ಳರು ಬಿಲ್ಬೋ ಅನ್ನೋ ಹಾಬಿಟ್ ಮನೇಲಿ ಒಲೆ ಮುಂದೆ ಕೂತು ಮಂಜು ಬೆಟ್ಟದ ಹಾಡು ಹಾಡ್ತಾರಲ್ಲ, ಗಂಟಲಿನ ಆಳದಿಂದ. ಸಿನಿಮಾ ಪೂರ್ತಿ ಆ ಟ್ಯೂನ್ ಅವರ ಬೆನ್ನ ಹಿಂದೆ ಇರುತ್ತೆ, ಮನೆ ಕಳ್ಕೊಂಡೋರ ಟ್ಯೂನ್ ಅದು. 2013, 2014ರ ಮುಂದಿನ ಎರಡು ಭಾಗದಲ್ಲಿ ಅವರು ಆ ಮನೆ ತಲುಪ್ತಾರೆ, ಟ್ಯೂನ್ ಮಾತ್ರ ಹೆಚ್ಚುಕಮ್ಮಿ ಮಾಯ! ಬಾಗಿಲು ತೆರೆದಾಗ ಅದು ಬರುತ್ತೆ ಅಂತ ನಾನು ಸೀಟಿನ ತುದೀಲಿ ಕೂತಿದ್ದೆ.

ಪ್ರ: ಹ್ಯಾರಿ ಪಾಟರ್ ಬಗ್ಗೆ ಯಾಕೆ ಯಾರೂ ಮಾತಾಡಲ್ಲ? ಅದ್ರಲ್ಲೂ ಟ್ಯೂನ್ ವಾಪಸ್ ಬರುತ್ತಲ್ಲ. (ಕುಂದಾಪುರದ ಪಿಯುಸಿ ಹುಡುಗಿ)

ಉ: ಮಾತಾಡೋಣಂತೆ, ಆದ್ರೆ ಅದು ಬೇರೆ ಥರದ ಸಂಸಾರ. ರಿಂಗ್ಸ್‌ಗೆ ಒಬ್ರೇ ಅಡುಗೆಯವರು. ಪಾಟರ್‌ದು ಎಂಟು ಸಿನಿಮಾ, ನಾಲ್ಕು ಕೈ ಬದಲಾಗಿದೆ ಅಡುಗೆಮನೆ: ಮೊದಲ ಮೂರು ಜಾನ್ ವಿಲಿಯಮ್ಸ್, ನಾಲ್ಕನೇದು ಪ್ಯಾಟ್ರಿಕ್ ಡಾಯ್ಲ್, ಐದು ಆರು ನಿಕೋಲಸ್ ಹೂಪರ್, ಕೊನೆಯ ಎರಡು ಅಲೆಕ್ಸಾಂಡ್ರ್ ಡೆಸ್‌ಪ್ಲಾ. ಹೊಸಬ ಬಂದವನು ಹಳಬರ ಉಪ್ಪಿನಕಾಯಿ ಭರಣಿ ಮೂಲೆಗಿಟ್ಟು ತನ್ನದು ತರ್ತಾನೆ. ಹಾಗಾಗಿ ಎಲ್ಲದರಲ್ಲೂ ಉಳ್ಕೊಂಡಿದ್ದು ಹ್ಯಾರಿ ಸಾಕಿದ ಗೂಬೆ ಹೆಡ್ವಿಗ್ ಹೆಸರಿನ ಟ್ಯೂನ್ ಒಂದೇ, ಸೆಲೆಸ್ಟಾ ಅನ್ನೋ ಗೆಜ್ಜೆ ಥರ ಸದ್ದು ಮಾಡೋ ಕೀಬೋರ್ಡಲ್ಲಿ ಬರುತ್ತಲ್ಲ, ಅದು. ಅದೂ ಬರ್ತಾ ಬರ್ತಾ ಸಣ್ಣಗಾಗುತ್ತೆ. ಕೆಲವರಿಗೆ ಇದು ಲೋಪ, ನನಗೆ ಹಾಗನಿಸಲ್ಲ, ಆ ಹುಡುಗರ ಬಾಲ್ಯಾನೂ ಹಾಗೇ ಸಣ್ಣಗಾಗ್ತಾ ಹೋಯ್ತಲ್ಲ. ಎಂಟನೇ ಸಿನಿಮಾದ ಕಟ್ಟಕಡೆಗೆ, 19 ವರ್ಷ ಆದ್ಮೇಲೆ ಅಂತ ರೈಲ್ವೆ ಸ್ಟೇಷನ್ ತೋರಿಸ್ತಾರೆ, ಅಲ್ಲಿ ಮೊದಲ ಸಿನಿಮಾದ ಕೊನೇಲಿ ಶಾಲೆ ಬಿಟ್ಟು ಊರಿಗೆ ಹೊರಡುವಾಗ ಬಂದಿದ್ದ ವಿಲಿಯಮ್ಸ್ ಸಂಗೀತಾನೇ ವಾಪಸ್ ಹಾಕಿದ್ದಾರೆ. ನೀನು 2011ರಲ್ಲಿ ತೊಟ್ಟಿಲಲ್ಲಿದ್ದೆ ಅನ್ಸುತ್ತೆ, ಥಿಯೇಟರಲ್ಲಿ ಆವತ್ತು ಮೀಸೆ ಬಂದ ಗಂಡಸರು ಮೂಗು ಒರೆಸ್ಕೊಳ್ತಿದ್ರು.

ಪ್ರ: ಪಾತ್ರಕ್ಕೊಂದು ಟ್ಯೂನ್ ಕೊಡೋದನ್ನ ಜರ್ಮನಿಯ ವಾಗ್ನರ್ ಶುರು ಮಾಡಿದ ಅಂತ ಇಂಟರ್ನೆಟ್ ತುಂಬಾ ಬರೀತಾರೆ. ನಮ್ಮ ಯಕ್ಷಗಾನದಲ್ಲಿ ಇದು ಇರ್ಲಿಲ್ವಾ? ಬಣ್ಣದ ವೇಷ ಬರುವಾಗ ಚೆಂಡೆ ಕೇಳಿದ್ರೆ ಸಾಕಲ್ಲ, ಪರದೆ ಸರಿಯೋ ಮೊದಲೇ ಗೊತ್ತಾಗ್ತದೆ. (ಉಡುಪಿ ಕಡೆಯ ನಿವೃತ್ತ ಮೇಷ್ಟ್ರು)

ಉ: ಮೇಷ್ಟ್ರೇ, ಇತ್ತು, ಇದೆ, ಆದ್ರೆ ಎರಡೂ ಒಂದೇ ಅಂತ ನಾನು ಒಪ್ಪಲ್ಲ, ಬೈಬೇಡಿ. ವಾಗ್ನರ್‌ದೂ ಒಂದು ಉಂಗುರದ ಕಥೇನೇ, ನಾಲ್ಕು ರಾತ್ರಿ ನಡೆಯೋ ಆಪೆರಾ, 1876ರಲ್ಲಿ ಬೈರಾಯ್ಟ್ ಅನ್ನೋ ಊರಲ್ಲಿ ಪೂರ್ತಿಯಾಗಿ ಮೊದಲು ಆಡಿದ್ರು. ಅವನಲ್ಲೂ ಶೋರ್‌ನಲ್ಲೂ ಟ್ಯೂನ್ ಅನ್ನೋದು ಪಾತ್ರ ಇಲ್ಲದಾಗಲೂ ಬರುತ್ತೆ, ಅದೇ ವ್ಯತ್ಯಾಸ. ಒಡ್ಡೋಲಗ ಅನ್ನೋದು ವೇಷ ರಂಗಕ್ಕೆ ಬಂದಾಗ, ಬಂದವನ ಗತ್ತು ತೋರಿಸೋಕೆ. ಮಹಿಷಾಸುರ ಇನ್ನೂ ಚೌಕಿಯಲ್ಲಿ ಬಣ್ಣ ಬಳ್ಕೊಳ್ತಾ ಇರುವಾಗ, ರಂಗದ ಮೇಲೆ ಇಬ್ಬರು ಬೇರೇನೋ ಮಾತಾಡ್ತಿರುವಾಗ, ಭಾಗವತರು ಅವನ ಪ್ರವೇಶದ ಎರಡು ಪೆಟ್ಟು ಮೆಲ್ಲಗೆ ಹಾಕಿಸಿ ನಮ್ಮ ಬೆನ್ನು ತಣ್ಣಗೆ ಮಾಡಿದ್ರೆ, ಆಗ ಅದು ವಾಗ್ನರ್ ಆಟ. ಇಡೀ ರಾತ್ರಿ ಆಟ ನೋಡಿದ ಅನುಭವದಲ್ಲಿ ಅಂಥದ್ದೇನಾದ್ರೂ ನಿಮ್ಮ ಕಿವಿಗೆ ಬಿದ್ದಿದ್ರೆ ದಯವಿಟ್ಟು ಬರೀರಿ, ಮುಂದಿನ ಸಲ ನಿಮ್ಮ ಪತ್ರ ಮೊದಲು ಹಾಕ್ತೀನಿ.

ಪ್ರ: ನಾನು ಲಂಡನ್ನಲ್ಲಿ ಇರೋ ಕನ್ನಡಿಗ. ಇಲ್ಲಿ ಸಿನಿಮಾ ಓಡಿಸ್ತಾ ಅದರ ಸಂಗೀತಾನ ಪೂರ್ತಿ ಆರ್ಕೆಸ್ಟ್ರಾ, ಕೋರಸ್ ಜೊತೆ ಲೈವ್ ನುಡಿಸೋ ಶೋಗೆ ಹೋಗಿದ್ದೆ. ಅಲ್ಲಿ ಕೇಳಿದ ಎಷ್ಟೋ ತುಣುಕು ನನ್ನ ಹತ್ರ ಇರೋ ಆಲ್ಬಮ್ಮಲ್ಲಿ ಇಲ್ಲವೇ ಇಲ್ಲ. ಕಿವಿ ಹೋಯ್ತಾ?

ಉ: ಕಿವಿ ಭದ್ರ ಇದೆ, ಆಲ್ಬಮ್ ಚಿಕ್ಕದು. 2001ರಲ್ಲಿ ಬಂದ ಮೊದಲ ಆಲ್ಬಮ್ ಒಂದೇ ಡಿಸ್ಕ್, ಒಂದೂಕಾಲು ಗಂಟೆ ಒಳಗೆ. ಸಿನಿಮಾಗೆ ಮಾಡಿದ ಸಂಗೀತ ಅದರ ಎರಡು ಪಟ್ಟಿಗಿಂತ ಹೆಚ್ಚು. ನಾನು ಆ ಕಾಲದಲ್ಲಿ ಮೊದಲ ಸಂಬಳದ ದುಡ್ಡಲ್ಲಿ ಅಂಗಡಿಯಿಂದ ಸಿಡಿ ತಂದು, ಸಿನಿಮಾದಲ್ಲಿ ಕೇಳಿದ ಒಂದು ಟ್ಯೂನ್ ಎಲ್ಲಿ ಎಲ್ಲಿ ಅಂತ ಒಂದು ಭಾನುವಾರ ಪೂರ್ತಿ ಫಾರ್ವರ್ಡ್ ಒತ್ತಿ ಒತ್ತಿ, ಸಿಗದೆ, ಅಂಗಡಿಯವನ ಹತ್ರ ಹೋಗಿ "ಇದು ಡೂಪ್ಲಿಕೇಟು" ಅಂತ ಜಗಳ ಆಡಿ ಬಂದೋನು. ಪಾಪ, ಅವನದ್ದೇನೂ ತಪ್ಪಿರ್ಲಿಲ್ಲ. 2005, 2006, 2007ರಲ್ಲಿ ಒಂದೊಂದು ಸಿನಿಮಾದ ಪೂರ್ತಿ ಸಂಗೀತ ಡಬ್ಬಿ ಡಬ್ಬಿಯಾಗಿ ಬಂತು, ಕಂಪ್ಲೀಟ್ ರೆಕಾರ್ಡಿಂಗ್ಸ್ ಅಂತ, ಮೂರೂ ಸೇರಿದ್ರೆ ಸುಮಾರು 10 ಗಂಟೆ. ನಿಮಗೆ ಬೇಕಾಗಿರೋದು ಅದು. ನೀವಿರೋ ಊರಿನ ಲಂಡನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾನೇ ಹೆಚ್ಚಿನ ಪಾಲು ನುಡಿಸಿರೋದು. ಮೋರಿಯಾ ಗುಹೆಯ ಭಾಗ ಮಾತ್ರ ನ್ಯೂಜಿಲೆಂಡಿನ ಆರ್ಕೆಸ್ಟ್ರಾದ್ದು, ಆ ಗಂಡಸರ ಹೂಂಕಾರ ಇದೆಯಲ್ಲ, ಒಳ್ಳೇ ಹೆಡ್‌ಫೋನ್ ಹಾಕ್ಕೊಂಡು ರಾತ್ರಿ ಹನ್ನೊಂದರ ಮೇಲೆ ಕೇಳಿ.

ಪ್ರ: ನಾನು 8ನೇ ಕ್ಲಾಸ್. ಉಂಗುರಕ್ಕೇ ಎಷ್ಟು ಟ್ಯೂನ್ ಇದೆ? ನಾನು ಎರಡು ಕಂಡುಹಿಡಿದೆ. ಅಣ್ಣ ನಂಬ್ತಿಲ್ಲ. (ಹಾಸನ)

ಉ: ಎರಡು ಕಂಡುಹಿಡಿದಿದ್ದೀಯಾ ಅಂದ್ರೆ ಅಣ್ಣನಿಗಿಂತ ಮುಂದಿದ್ದೀಯ ಪುಟ್ಟಾ. ಮುಖ್ಯವಾಗಿ ಮೂರು. ಮಕ್ಕಳ ಕೋರಸ್ ಮೆತ್ತಗೆ ಕರೆಯೋ ಹಾಗೆ ಬರೋದು ಒಂದು, ಉಂಗುರ ಆಸೆ ಹುಟ್ಟಿಸುವಾಗ. ಸೌರಾನ್‌ದು ಒಂದು, ಮೇಲೆ ಮಂಡ್ಯದ ಓದುಗಿ ವಾಲಗ ಅಂದ್ರಲ್ಲ, ಅದು. ಮೂರನೇದು ಸಿನಿಮಾ ಹೆಸರು ಪರದೆ ಮೇಲೆ ಬರುವಾಗ ಪಿಟೀಲುಗಳಲ್ಲಿ ಏರಿ ಇಳಿಯೋದು, ಅದು ಉಂಗುರದ ಚರಿತ್ರೆ. ಈ ಮೂರನೇದರಲ್ಲಿ ಒಂದು ಗುಟ್ಟಿದೆ: ಉಂಗುರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗ ಅದು ಬರುತ್ತೆ. ಈಗ ಒಂದು ಕೆಲಸ ಮಾಡು. ಅಣ್ಣನ್ನ ಪಕ್ಕ ಕೂರಿಸ್ಕೊಂಡು, ಒಂದು ಹಾಳೆ ತಗೊಂಡು, ಉಂಗುರ ಎಷ್ಟು ಸಲ ಕೈ ಬದಲಾಯ್ತು, ಎಷ್ಟು ಸಲ ಟ್ಯೂನ್ ಬಂತು ಅಂತ ಎರಡು ಕಾಲಂ ಹಾಕು. ಎಣಿಸಿ ಕಳಿಸು. ನನ್ನ ಲೆಕ್ಕ ನನ್ನ ಡೈರೀಲಿ ಇದೆ, ನಿಂದು ಬರೋವರೆಗೂ ಹೇಳಲ್ಲ.